ಭಾವ ಎಂಟು ಹಾಕಿದ್ದು

ಎತ್ತಿನ ಗಾಡಿಗೆ ಡಿಫರೆನ್ಷಿಯಲ್ ಬೇಡ. ಹೀಗೆಂದರೆ ಕೆಲವರು "ಎಂಜಿನ್ನೂ ಬೇಡ ಬಿಡಿ" ಎಂದು ನಗುತ್ತಾರೆ. ನಗಲಿ, ಗುಟ್ಟು ಇರುವುದೇ ಅಲ್ಲಿ. ಗಾಡಿ ಎಳೆಯುವವು ಎತ್ತುಗಳು. ಗಾಲಿಗಳಿಗೆ ಉರುಳುವುದೊಂದೇ ಕೆಲಸ. ಅಚ್ಚು ತಿರುಗದೆ ನಿಂತಿರುತ್ತದೆ, ಅದರ ಎರಡು ತುದಿಗೆ ಎರಡು ಗಾಲಿ, ಗಾಲಿ ಕಳಚದಂತೆ ಕಡಾಣಿ, ಕಿರುಗುಟ್ಟದಂತೆ ಕೀಲೆಣ್ಣೆ. ಓಣಿಯ ಮೂಲೆಯಲ್ಲಿ ಗಾಡಿ ತಿರುಗುವಾಗ ಹೊರಗಿನ ಗಾಲಿ ಹೆಚ್ಚು ದೂರ ಉರುಳುತ್ತದೆ, ಒಳಗಿನದು ಕಡಿಮೆ. ಒಂದರ ತಂಟೆಗೆ ಇನ್ನೊಂದು ಹೋಗುವುದಿಲ್ಲ.

ತಾಪತ್ರಯ ಶುರುವಾಗುವುದು ಎಳೆಯುವ ಕೆಲಸವನ್ನು ಗಾಲಿಗೇ ವಹಿಸಿದಾಗ. ಎಂಜಿನ್ನಿನ ಬಲ ಒಂದೇ ಸರಳಿನಲ್ಲಿ ಹಿಂದಕ್ಕೆ ಬರುತ್ತದೆ. ಅದನ್ನು ಎರಡು ಚಕ್ರಕ್ಕೆ ಹಂಚಬೇಕು, ತಿರುವು ಬಂದಾಗ ಅವು ತಮ್ಮ ತಮ್ಮ ವೇಗದಲ್ಲಿ ಸುತ್ತಲೂ ಬಿಡಬೇಕು. ಎರಡು ಚಕ್ರವನ್ನೂ ಒಂದೇ ಅಚ್ಚಿಗೆ ಬಿಗಿದರೆ ಪ್ರತಿ ತಿರುವಿನಲ್ಲೂ ಒಂದು ಚಕ್ರ ರಸ್ತೆಯ ಮೇಲೆ ಉಜ್ಜಿಕೊಂಡೇ ಹೋಗಬೇಕಾಗುತ್ತದೆ. ಇದಕ್ಕೆ ಯುರೋಪಿನಲ್ಲಿ ದಾರಿ ಹುಡುಕಿದವನು ಓನೆಸಿಫೋರ್ ಪೆಕ್ಯೂರ್ ಎಂಬ ಫ್ರೆಂಚ್ ಗಡಿಯಾರದ ಕೆಲಸದವನು. 1828ರ ಹೊತ್ತಿಗೆ ತನ್ನ ಉಗಿಬಂಡಿಗಾಗಿ ಅವನು ಪೇಟೆಂಟ್ ಮಾಡಿಸಿಕೊಂಡ ಹಲ್ಲುಚಕ್ರದ ಜೋಡಣೆಯೇ ಇವತ್ತಿಗೂ ಲಾರಿ, ಬಸ್ಸು, ಕಾರುಗಳ ಹೊಟ್ಟೆಯಲ್ಲಿ ಸುತ್ತುತ್ತಿದೆ. ನಮ್ಮ ಗ್ಯಾರೇಜಿನವರು ಒಟ್ಟಾರೆ 'ಕ್ರೌನು' ಎಂದು ಕರೆಯುವ ಗಡ್ಡೆಯ ಒಳಗಿರುವುದು ಅದೇ.

ಈ ಡಿಫರೆನ್ಷಿಯಲ್ ಬಲು ಉದಾರಿ, ಅದೇ ಅದರ ದೋಷ. ಯಾವ ಚಕ್ರ ಸಲೀಸಾಗಿ ತಿರುಗುತ್ತದೋ ಸುತ್ತನ್ನೆಲ್ಲ ಅದಕ್ಕೇ ಧಾರೆಯೆರೆಯುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ತೋಟದ ರಸ್ತೆಯಲ್ಲಿ ಹೂತುಕೊಂಡ ಲಾರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆಯ ಚಕ್ರ ಗಿರಗಿರ ತಿರುಗಿ ಹಿಂದೆ ನಿಂತವರ ಪಂಚೆಗೆ ಕೆಸರು ಎರಚುತ್ತಿರುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ, ಇದು ಯಾರ ಲಾರಿಯೋ ಎಂಬ ಹಾಗೆ ತೆಪ್ಪಗೆ ನಿಂತಿರುತ್ತದೆ. ಕ್ಲೀನರ್ ಹುಡುಗ ಕಲ್ಲು ಕೊಟ್ಟು, ಸೊಪ್ಪು ತುರುಕಿ, ಡ್ರೈವರನ ಬೈಗುಳ ತಿಂದು, ಕೊನೆಗೆ ಇನ್ನೊಂದು ಲಾರಿ ಬಂದು ಎಳೆಯಬೇಕು.

ಇದಕ್ಕೊಂದು ಕಡಿವಾಣ ಹಾಕಬೇಕೆಂದು ಹುಟ್ಟಿದ್ದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಅಂಥದ್ದೊಂದನ್ನು ಜರ್ಮನಿಯ ಜ಼ಡ್‌ಎಫ್ ಕಂಪನಿ 1930ರ ದಶಕದಲ್ಲಿ ಆಟೋ ಯೂನಿಯನ್ ರೇಸ್ ಕಾರಿಗೆ ಮಾಡಿಕೊಟ್ಟಿತ್ತು. ಆ ಕಾರಿನ ಬಲಕ್ಕೆ ಒಳಗಿನ ಚಕ್ರ ಹೊಗೆಯಾಡುತ್ತಿತ್ತು, ಕಾರು ಮುಂದೆ ಹೋಗುತ್ತಿರಲಿಲ್ಲ. ಅಮೆರಿಕದಲ್ಲಿ ಮಾಮೂಲಿ ಗಿರಾಕಿಗಳ ಕಾರಿಗೆ ಇದು ಬಂದಿದ್ದು 1956ರಲ್ಲಿ, ಪ್ಯಾಕಾರ್ಡ್‌ನಲ್ಲಿ. ಮರುವರ್ಷ ಷೆವ್ರೊಲೆ ತನ್ನದಕ್ಕೆ ಪಾಸಿಟ್ರಾಕ್ಷನ್ ಎಂದು ಹೆಸರಿಟ್ಟಿತು. ಜನ ಅದನ್ನು ಮೊಟಕು ಮಾಡಿ 'ಪಾಸಿ' ಅಂದರು. ಈಗ ಅಲ್ಲಿ ಯಾವ ಕಂಪನಿಯದಾದರೂ ಪಾಸಿಯೇ.

ಒಳಗಿನ ಉಪಾಯ ಸರಳ. ಪ್ರತಿ ಅಚ್ಚಿನ ಹಲ್ಲುಚಕ್ರದ ಬೆನ್ನಿಗೆ ತೆಳ್ಳನೆಯ ಉಕ್ಕಿನ ಪ್ಲೇಟುಗಳ ಒಂದು ಅಟ್ಟಿ. ಒಂದು ಬಿಟ್ಟು ಒಂದು ಪ್ಲೇಟು ಅಚ್ಚಿನ ಜತೆ ತಿರುಗುತ್ತದೆ, ಮಿಕ್ಕವು ಹೊರಗಿನ ಡಬ್ಬಿಯ ಜತೆ. ನಡುವೆ ಸ್ಪ್ರಿಂಗುಗಳು ಕೂತು ಎರಡು ಅಟ್ಟಿಯನ್ನೂ ಹೊರಕ್ಕೆ ಒತ್ತುತ್ತವೆ. ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಬೇಕೆಂದರೆ ಈ ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ಜಾರುತ್ತವೆ, ಆದರೆ ಗೊಣಗಿಕೊಂಡು. ಒಂದು ಚಕ್ರ ಕೆಸರಲ್ಲಿ ಸಿಕ್ಕಿ ಹುಚ್ಚು ಸುತ್ತು ಸುತ್ತಲು ಹೊರಟರೆ ಆ ಗೊಣಗಾಟವೇ ಇನ್ನೊಂದು ಚಕ್ರಕ್ಕೆ ಬಲವಾಗಿ ಒದಗುತ್ತದೆ.

ಡಿಫರೆನ್ಷಿಯಲ್ಲಿಗೆ ಸಿನಿಮಾ ಯೋಗ ಇರುತ್ತದೆಂದು ಯಾರು ಎಣಿಸಿದ್ದರು? 1992ರ 'ಮೈ ಕಸಿನ್ ವಿನ್ನಿ' ನೋಡಿ. ಅಲಬಾಮಾದಲ್ಲಿ ಇಬ್ಬರು ಅಮಾಯಕ ಹುಡುಗರ ಮೇಲೆ ಕೊಲೆ ಆಪಾದನೆ. ಓಡಿಹೋದ ಕಾರು ರಸ್ತೆಯ ಮೇಲೆ ಬಿಟ್ಟ ಟೈರಿನ ಗುರುತೇ ಸಾಕ್ಷಿ. ವಕೀಲನ ಪ್ರೇಯಸಿ, ಕೆಲಸ ಕಳೆದುಕೊಂಡ ಹೇರ್‌ಡ್ರೆಸರ್, ಮೆಕ್ಯಾನಿಕ್ಕುಗಳ ಮನೆತನದವಳು, ಕಟಕಟೆಗೆ ಬರುತ್ತಾಳೆ. ಎರಡೂ ಟೈರು ಒಂದೇ ಸಮನಾಗಿ ಕಪ್ಪು ಗೆರೆ ಎಳೆದಿವೆ, ಹಾಗಾದರೆ ಆ ಕಾರಿನಲ್ಲಿ ಪಾಸಿಟ್ರಾಕ್ಷನ್ ಇರಲೇಬೇಕು. ಹುಡುಗರ 1964ರ ಬ್ಯೂಯಿಕ್ ಸ್ಕೈಲಾರ್ಕ್‌ನಲ್ಲಿ ಅದು ಇರಲಿಲ್ಲ. ಒಂದು ಚಕ್ರ ರಸ್ತೆಯಂಚಿನ ಕಟ್ಟೆ ಹತ್ತಿದರೂ ಇನ್ನೊಂದರ ಗುರುತು ಚಪ್ಪಟೆಯಾಗೇ ಬಿದ್ದಿದೆ, ಅಂದರೆ ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಷನ್. ಎರಡೂ ಇದ್ದು ನೋಡಲು ಹಾಗೇ ಕಾಣುವ ಕಾರು 1963ರ ಪಾಂಟಿಯಾಕ್ ಟೆಂಪೆಸ್ಟ್. ಹುಡುಗರು ಬಿಡುಗಡೆ. ಆ ಪಾತ್ರ ಮಾಡಿದ ಮರೀಸಾ ಟೊಮೇಗೆ ಆಸ್ಕರ್. ಪಾಸಿಟ್ರಾಕ್ಷನ್ ವಿಷಯವನ್ನು ಕೋರ್ಟಿನಲ್ಲಿ ಬಿಡಿಸಿ ಹೇಳಿ ಪ್ರಶಸ್ತಿ ಗಿಟ್ಟಿಸಿದ ನಟಿ ಬೇರೆ ಯಾರೂ ಇರಲಾರರು.

ಈ ಸಿನಿಮಾ ನನಗೆ ತೋರಿಸಿದವರು ನಮ್ಮ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ ಮಿಶಿಗನ್‌ಗೆ ಹೋದವರು ಅಲ್ಲೇ ಬೇರು ಬಿಟ್ಟರು. ಡೆಟ್ರಾಯಿಟ್ ಸುತ್ತ ಕಾರಿನ ಉದ್ಯಮದಲ್ಲಿರುವ ಕನ್ನಡಿಗರಿಗೆ ಲೆಕ್ಕವಿಲ್ಲ. ಪಂಪ ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋದರೆ ಹೋಳಿಗೆಯ ಸಾಲಿನಲ್ಲಿ ಬ್ರೇಕಿನವರು, ಗೇರ್‌ಬಾಕ್ಸಿನವರು, ಬಾಗಿಲ ರಬ್ಬರಿನವರು ಎಲ್ಲ ಸಿಗುತ್ತಾರೆ. ಭಾವ ಸೀಟಿನ ಅಡಿಯ ಬ್ರಾಕೆಟ್ಟಿನವರು. ಇಡೀ ವೃತ್ತಿಜೀವನ ಸೀಟಿನ ಅಡಿಯಲ್ಲೇ ಕಳೆಯಿತು. ಅದಕ್ಕೇ ಇರಬೇಕು, ನಿವೃತ್ತಿಗೆ ಮೊದಲೇ ಇಡೀ ಕಾರೊಂದನ್ನು ಬಿಚ್ಚಿ ಜೋಡಿಸಬೇಕೆಂಬ ಹಟ ಹತ್ತಿತು. ಹೀಗೆ ಅವರ ಗರಾಜಿಗೆ 1967ರ ಷೆವೆಲ್ ಬಂತು. ಅತ್ತಿಗೆಯ ಹೊಸ ಟೊಯೋಟಾ ಹಿಮದಲ್ಲಿ ನಿಂತಿತು.

ಹಿಂದಿನ ಆಕ್ಸಲ್ ಕೊನೆಗೆ ಉಳಿದಿದ್ದ ಕೆಲಸ. ಅದಕ್ಕೆ ಅಲ್ಲಿನವರು ಟ್ವೆಲ್ವ್ ಬೋಲ್ಟ್ ಎನ್ನುತ್ತಾರೆ, ಮುಚ್ಚಳಕ್ಕೆ ಹನ್ನೆರಡು ಬೋಲ್ಟು, ಕ್ರೌನಿಗೂ ಹನ್ನೆರಡು. ಬಿಚ್ಚಿದಾಗ ಪಾಸಿಯ ಪ್ಲೇಟುಗಳು ನುಣ್ಣಗೆ ಸವೆದು ಕನ್ನಡಿಯಾಗಿದ್ದವು. ಹಿಂದಿನ ಮಾಲೀಕರು ಯಾವ ಎಣ್ಣೆ ಸುರಿದಿದ್ದರೋ ದೇವರಿಗೇ ಗೊತ್ತು. ಹೊಸ ಪ್ಲೇಟು, ಹೊಸ ಸ್ಪ್ರಿಂಗು, ಹೊಸ ಬೇರಿಂಗು, ಹೊಸ ಕ್ರೌನು ಪಿನಿಯನ್ನು ಎಲ್ಲ ಬಂದವು.

ಎಂಜಿನ್ನಿನಿಂದ ಬರುವ ಸರಳಿನ ತುದಿಯ ಪುಟ್ಟ ಹಲ್ಲುಚಕ್ರ ಪಿನಿಯನ್ನು, ಅದು ತಿರುಗಿಸುವ ದೊಡ್ಡದು ಕ್ರೌನು. ಇವುಗಳ ಹಲ್ಲಿನ ಲೆಕ್ಕ ನನಗೆ ಬಹಳ ಹಿಡಿಸಿತು. ಇದರಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 13. ಭಾಗಿಸಿದರೆ 3.31. ಯಾಕಿಂಥ ವಕ್ರ ಸಂಖ್ಯೆ, 40ಕ್ಕೆ 10 ಅಂತ ಚೊಕ್ಕಟವಾಗಿ ಇಡಬಾರದಿತ್ತೆ? ಇಡಬಾರದು. 40ಕ್ಕೆ 10 ಇಟ್ಟರೆ ಪಿನಿಯನ್ನಿನ ಒಂದೊಂದು ಹಲ್ಲೂ ಜೀವಮಾನವಿಡೀ ಅದೇ ನಾಲ್ಕು ಹಲ್ಲುಗಳ ಮುಖವನ್ನೇ ನೋಡುತ್ತಿರಬೇಕು. ಒಂದು ಹಲ್ಲು ಕೊಂಚ ಓರೆಯಾಗಿದ್ದರೆ ತನ್ನ ನಾಲ್ಕು ಜತೆಗಾರರನ್ನು ಕೆಡಿಸಿಯೇ ತೀರುತ್ತದೆ. 43ಕ್ಕೂ 13ಕ್ಕೂ ಸಾಮಾನ್ಯ ಭಾಜಕವಿಲ್ಲ. ಹಾಗಾಗಿ ಪ್ರತಿ ಹಲ್ಲೂ ಪ್ರತಿ ಹಲ್ಲನ್ನೂ ಸಂಧಿಸುತ್ತದೆ, 559 ಭೇಟಿ ಮುಗಿದ ಮೇಲೆಯೇ ಮೊದಲ ಜೋಡಿ ಮತ್ತೆ ಎದುರಾಗುವುದು. ಅಷ್ಟಕ್ಕೆ ಚಕ್ರ 13 ಸುತ್ತು ಸುತ್ತಿದರೆ ಸಾಕು, ರಸ್ತೆಯ ಮೇಲೆ ಸುಮಾರು 27 ಮೀಟರ್. ಮನೆ ಮುಂದಿನ ಡ್ರೈವ್‌ವೇ ದಾಟಿ ಅಂಚೆಪೆಟ್ಟಿಗೆಯ ತನಕ ಹೋಗುವಷ್ಟರಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಾಗಿರುತ್ತದೆ. ಪರಿಚಯವಾದ ಮಾತ್ರಕ್ಕೆ ಹೊಂದಾಣಿಕೆ ಆಗುವುದಿಲ್ಲ. ಅದಕ್ಕೆ 500 ಮೈಲಿ ಬೇಕು.

ಜೋಡಿಸುವುದು ಅಳತೆಯ ಕೆಲಸ, ಅದರಲ್ಲಿ ಭಾವನನ್ನು ಮೀರಿಸುವವರಿಲ್ಲ. ಕ್ರೌನಿಗೂ ಪಿನಿಯನ್ನಿಗೂ ನಡುವೆ 'ಪ್ಲೇ' ಇಂಚಿನ ಸಾವಿರದಲ್ಲಿ ಆರರಿಂದ ಹತ್ತು ಭಾಗ ಇರಬೇಕು, ನಮ್ಮ ಲೆಕ್ಕದಲ್ಲಿ ಹೆಚ್ಚೆಂದರೆ ಮಿಲಿಮೀಟರಿನ ಸುಮಾರು ಕಾಲು ಭಾಗ. ಕಮ್ಮಿಯಾದರೆ ಬಿಸಿಯೇರಿ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ರತಿ ಗೇರಿಗೂ ಹಿಂದಿನಿಂದ ಯಾರೋ ಸುತ್ತಿಗೆಯಲ್ಲಿ ಬಡಿದಂತೆ. ಹಲ್ಲಿಗೆ ಹಳದಿ ಬಣ್ಣದ ಮುಲಾಮು ಬಳಿದು, ಕೈಯಲ್ಲಿ ತಿರುಗಿಸಿ, ಬಣ್ಣ ಎಲ್ಲಿ ಒರೆಸಿಹೋಯಿತು ನೋಡಬೇಕು. ಹಲ್ಲಿನ ನಡುಮಧ್ಯೆ ಮೊಟ್ಟೆಯಾಕಾರದ ಗುರುತು ಬಿದ್ದರೆ ಸರಿ. ತುದಿಗೆ ಬಿದ್ದರೆ, ಬುಡಕ್ಕೆ ಬಿದ್ದರೆ, ಎಲ್ಲ ಬಿಚ್ಚಿ ಕಾಗದದಷ್ಟು ತೆಳುವಾದ ಷಿಮ್ ತೆಗೆದೋ ಸೇರಿಸಿಯೋ ಮತ್ತೆ ಜೋಡಿಸಬೇಕು. ಪಿನಿಯನ್ನಿನ ಹಿಂದೆ ಒಂದು ಕೊಳವೆ ಇರುತ್ತದೆ, ನಟ್ಟು ಬಿಗಿದಂತೆ ಅದು ತಾನೇ ನಜ್ಜಾಗಿ ಬೇರಿಂಗಿಗೆ ಬೇಕಾದ ಬಿಗಿ ಕೊಡುತ್ತದೆ. ಕೂದಲೆಳೆಯಷ್ಟು ಹೆಚ್ಚು ಬಿಗಿದಿರೋ ನಟ್ಟು ಸಡಿಲಿಸಿ ಪ್ರಯೋಜನವಿಲ್ಲ. ಕೊಳವೆ ಎಸೆದು ಹೊಸದು ಹಾಕಬೇಕು. ಭಾವ ಬುದ್ಧಿವಂತರು, ಒಂದು ಡಜನ್ನೇ ತರಿಸಿದ್ದರು.

ಇಷ್ಟೆಲ್ಲ ಆದರೂ ಪಾಸಿ ಸಿದ್ಧವಾಗಲಿಲ್ಲ. ಹೊಸ ಪ್ಲೇಟು ಅಥಣಿಯ ಹೊಸ ಚಪ್ಪಲಿಯಿದ್ದ ಹಾಗೆ. ಎಣ್ಣೆ ಕುಡಿಸಬೇಕು, ಹೊರಗೆ ಹೊರಡುವ ಮೊದಲು ಮನೆಯೊಳಗೇ ನಾಲ್ಕು ಹೆಜ್ಜೆ ಹಾಕಿ ಮೆತ್ತಗಾಗಿಸಬೇಕು, ಸೀದಾ ಸಂತೆಗೆ ಮೆಟ್ಟಿಕೊಂಡು ಹೋದರೆ ಕಚ್ಚುತ್ತದೆ. ಭಾವ ಪ್ಲೇಟುಗಳನ್ನು ರಾತ್ರಿಯಿಡೀ ಒಂದು ತಟ್ಟೆಯಲ್ಲಿ ನೆನೆಹಾಕಿದರು. ನೆನೆಹಾಕಿದ್ದು ಬರೀ ಗೇರ್ ಆಯಿಲಿನಲ್ಲಲ್ಲ, ಫ್ರಿಕ್ಷನ್ ಮಾಡಿಫೈಯರ್ ಎಂಬ ಪುಟ್ಟ ಬಾಟಲಿಯ ದ್ರವದಲ್ಲಿ. ಅದರ ವಾಸನೆ ಬಣ್ಣಿಸಲಾರೆ. ಗೇರ್ ಆಯಿಲಿಗೆ ಗಂಧಕ, ರಂಜಕ ಬೆರೆಸಿರುವುದರಿಂದ ಅದಕ್ಕೇ ಒಂದು ಕೊಳೆತ ಮೊಟ್ಟೆಯ ಖದರು ಇರುತ್ತದೆ. ಇದು ಅದರ ಅಪ್ಪ. "ಆ ತಟ್ಟೆ ನನ್ನ ಅಡುಗೆಮನೆಯದಲ್ಲ ತಾನೇ?" ಎಂದು ಅತ್ತಿಗೆ ಬಾಗಿಲಲ್ಲೇ ನಿಂತು ಕೇಳಿದರು. ಭಾವ ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆ ಬಾಟಲಿಗೂ ತಿಮಿಂಗಿಲಕ್ಕೂ ನೆಂಟಸ್ತನವಿದೆ, ಹೇಳಿದರೆ ನಂಬುವುದು ಕಷ್ಟ. ಸ್ಪರ್ಮ್ ತಿಮಿಂಗಿಲದ ದೊಡ್ಡ ತಲೆಯೊಳಗೂ ಕೊಬ್ಬಿನಲ್ಲೂ ಸಿಗುವ ಎಣ್ಣೆ ನಿಜವಾಗಿ ಎಣ್ಣೆಯಲ್ಲ, ದ್ರವರೂಪದ ಮೇಣ. ಬಿಸಿಗೆ ಬೇಗ ಕೆಡುವುದಿಲ್ಲ, ಜಿಗುಟಾಗುವುದಿಲ್ಲ, ಲೋಹದ ಮೈಗೆ ತೆಳ್ಳಗೆ ಹತ್ತಿಕೊಳ್ಳುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ದೀಪಕ್ಕೂ ಮೇಣದಬತ್ತಿಗೂ ಬಳಸುತ್ತಿದ್ದರು, ಗಡಿಯಾರಗಳಿಗೂ ಹಾಕುತ್ತಿದ್ದರು, ಇಪ್ಪತ್ತನೆಯದರಲ್ಲಿ ಅಮೆರಿಕದ ಕಾರಿನವರು ಅದನ್ನು ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಪಾಸಿಗೂ ಬೆರೆಸಿದರು. ಅಂದರೆ ಈ ಷೆವೆಲ್ ಶೋರೂಮಿನಿಂದ ಹೊರಬಂದ ಕಾಲದಲ್ಲಿ, ಟ್ರಾಫಿಕ್ ಲೈಟು ಹಸಿರಾದೊಡನೆ ಟೈರು ಸುಡುತ್ತಿದ್ದ ಪಡ್ಡೆ ಹುಡುಗರ ಗತ್ತಿನ ಹಿಂದೆ ಸಾಗರದಾಳದ ಒಂದು ಪ್ರಾಣಿಯ ತಲೆಯಿತ್ತು. 1970ರಲ್ಲಿ ಅಮೆರಿಕ ಸರ್ಕಾರ ಆ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು, ಎಣ್ಣೆ ಬರುವುದು ನಿಂತಿತು. ಎಣ್ಣೆ ಕಂಪನಿಯ ರಸಾಯನಶಾಸ್ತ್ರಿಗಳು ಬದಲಿ ಹುಡುಕಲು ಪರದಾಡಿದರು. ಬದಲಿಗಳಲ್ಲಿ ಒಂದು ಸಿಕ್ಕಿದ್ದು ಸಮುದ್ರದಲ್ಲಲ್ಲ, ಅರಿಜ಼ೋನಾ ಮತ್ತು ಮೆಕ್ಸಿಕೋದ ಸೊನೋರಾ ಮರುಭೂಮಿಯಲ್ಲಿ: ಹೊಹೋಬಾ ಎಂಬ ಪೊದೆಯ ಬೀಜದ ಎಣ್ಣೆ. ಅದೂ ದ್ರವರೂಪದ ಮೇಣವೇ. ಈಗ ರಾಜಸ್ಥಾನದಲ್ಲೂ ಬೆಳೆಯುತ್ತಾರೆ, ಶಾಂಪೂ ಬಾಟಲಿಯ ಮೇಲೆ 'ಜೊಜೊಬಾ' ಎಂದು ಬರೆದಿರುವುದು ಅದೇ. ನೀರೇ ಕಾಣದ ಗಿಡಕ್ಕೂ ನೀರು ಬಿಟ್ಟು ಬದುಕದ ಪ್ರಾಣಿಗೂ ಒಂದೇ ರಸ ಯಾಕೆ ಒಲಿಯಿತೋ! ಈಗಿನ ಬಾಟಲಿಯಲ್ಲಿ ಇರುವುದು ಬಹುಪಾಲು ಕಾರ್ಖಾನೆಯ ರಾಸಾಯನಿಕ. ವಾಸನೆ ನೋಡಿದರೆ ಅದನ್ನು ಯಾವ ಪ್ರಾಣಿಯ ಮೇಲೂ ಹೊರಿಸುವಂತಿಲ್ಲ.

ಈ ರಸ ಮಾಡುವ ಕೆಲಸವೇನು? ಎರಡು ಒರಟು ಮೈಗಳು ಒತ್ತಿಕೊಂಡಿದ್ದಾಗ ಅವನ್ನು ಅಲುಗಿಸಲು ಬೇಕಾದ ಬಲ ಹೆಚ್ಚು, ಅಲುಗಿ ಜಾರತೊಡಗಿದ ಮೇಲೆ ಬೇಕಾದ ಬಲ ಕಡಿಮೆ. ಹಾಗಾಗಿ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ಹಲವಾರು ಸಲ. ಪಿಟೀಲಿನ ತಂತಿ ದನಿಗೊಡುವುದು ಹೀಗೇ. ಕಮಾನಿಗೆ ರಾಳ ಉಜ್ಜುವುದು ಈ ಹಿಡಿ-ಬಿಡು ಚೆನ್ನಾಗಿ ಆಗಲೆಂದು. ಪಾಸಿಯಲ್ಲಿ ಅದೇ ಆದರೆ ತಿರುವಿನಲ್ಲೆಲ್ಲ ಹಿಂದಿನ ಸೀಟಿನ ಅಡಿಯಿಂದ ಗಡಗಡ ಗೊರಗೊರ. ಮಾಡಿಫೈಯರ್ ರಾಳದ ತದ್ವಿರುದ್ಧ, ನಿಂತಲ್ಲಿಂದ ಜಾರುವ ತನಕ ಹಿಡಿತ ಒಂದೇ ಹದದಲ್ಲಿರುವಂತೆ ನೋಡಿಕೊಳ್ಳುತ್ತದೆ.

ಭಾನುವಾರ ಬೆಳಗ್ಗೆ ಹೊರಟೆವು, ಮುಚ್ಚಿಹೋದ ಒಂದು ಮಾಲಿನ ಪಾರ್ಕಿಂಗ್ ಜಾಗಕ್ಕೆ. ಮಿಶಿಗನ್‌ನಲ್ಲಿ ಇಂಥವಕ್ಕೆ ಬರವಿಲ್ಲ. ಸೌತ್‌ಫೀಲ್ಡ್‌ನ ನಾರ್ತ್‌ಲ್ಯಾಂಡ್ ಎಂಬ ದೊಡ್ಡ ಶಾಪಿಂಗ್ ಸೆಂಟರ್ 1954ರಲ್ಲಿ ಶುರುವಾದಾಗ ದೇಶವೇ ಬಂದು ನೋಡಿತಂತೆ, 2015ರಲ್ಲಿ ಬಾಗಿಲು ಹಾಕಿತು. ನಾವು ಹೋದದ್ದು ಅಷ್ಟು ಖ್ಯಾತಿಯದಲ್ಲ. ಡಾಂಬರಿನ ಬಿರುಕಿನಲ್ಲಿ ಹುಲ್ಲು, ದೀಪದ ಕಂಬಕ್ಕೆ ಒರಗಿದ ಒಂದು ಟ್ರಾಲಿ, ಅಷ್ಟೇ. ಎಂಟು ಹಾಕಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಎಂಟು ಎಂದರೆ ನಮ್ಮ ಆರ್‌ಟಿಓ ಕಚೇರಿಯ ಮೈದಾನದಲ್ಲಿ ಲೈಸೆನ್ಸಿಗಾಗಿ ಸ್ಕೂಟರಿನಲ್ಲಿ ಕಾಲೂರದೆ ಹಾಕುವ ಎಂಟು. ಇಂಗ್ಲಿಷಿನ 8, ಕನ್ನಡದ ೮ ಅಲ್ಲ. ಕನ್ನಡದ್ದು ಹಾಕಿದರೆ ಕಾರು ಹುಲ್ಲಿನಲ್ಲಿ ಹೋಗಿ ನಿಂತೀತು. ಎಡಕ್ಕೊಂದು ಪೂರ್ತಿ ಸುತ್ತು, ಬಲಕ್ಕೊಂದು ಪೂರ್ತಿ ಸುತ್ತು, ನಿಧಾನವಾಗಿ, ಆಕ್ಸಲರೇಟರನ್ನು ಒತ್ತಿಯೂ ಒತ್ತದ ಹಾಗೆ. ನೇರ ರಸ್ತೆಯಲ್ಲಿ ನೂರು ಮೈಲಿ ಓಡಿಸಿದರೂ ಈ ಪ್ಲೇಟುಗಳು ಹೆಚ್ಚುಕಮ್ಮಿ ಇದ್ದ ಹಾಗೇ ಇರುತ್ತವೆ, ಏಕೆಂದರೆ ಎರಡು ಚಕ್ರವೂ ಸಮನಾಗಿ ಸುತ್ತುವಾಗ ಅಲ್ಲಿ ಜಾರುವುದೇ ಇಲ್ಲ. ತಿರುವಿನಲ್ಲಿ ಮಾತ್ರ ಅವಕ್ಕೆ ಕೆಲಸ.

ಎಷ್ಟು ಕೆಲಸ? ಇಲ್ಲಿ ಒಂದು ಸೊಗಸಾದ ಲೆಕ್ಕವಿದೆ, ಭಾವ ಅದನ್ನು ಧೂಳು ಹಿಡಿದ ಬಾನೆಟ್ಟಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದರು. ಪೂರ್ತಿ ಒಂದು ವೃತ್ತ ಸುತ್ತಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಎಷ್ಟು ಹೆಚ್ಚು ಉರುಳಿತು ಎಂಬುದು ವೃತ್ತದ ಗಾತ್ರದ ಮೇಲೆ ನಿಂತಿಲ್ಲ! ಎರಡು ಚಕ್ರದ ನಡುವಿನ ಅಂತರವನ್ನು ಎರಡು 'ಪೈ'ನಿಂದ ಗುಣಿಸಿ, ಮುಗಿಯಿತು. ಅಂತರ ಒಂದೂವರೆ ಮೀಟರಾದರೆ ವ್ಯತ್ಯಾಸ ಒಂಬತ್ತೂವರೆ ಮೀಟರಿಗೆ ಕೊಂಚ ಕಮ್ಮಿ. ಪಾರ್ಕಿಂಗಿನಲ್ಲಿ ಸುತ್ತಿ, ಇಲ್ಲವೇ ಇಡೀ ಡೆಟ್ರಾಯಿಟನ್ನೇ ಒಂದು ಸುತ್ತು ಹಾಕಿ ಬನ್ನಿ, ಅಷ್ಟೇ. "ಹಾಗಾದ್ರೆ ದೊಡ್ಡ ಸುತ್ತೇ ಹಾಕಬಹುದಲ್ಲ, ಭಾವ?" ಎಂದೆ. "ಹಾಕಬಹುದು. ಪೆಟ್ರೋಲ್ ನೀವು ಹಾಕಿಸ್ತೀರಾ?" ಎಂದರು. ಆ ಒಂಬತ್ತು ಚಿಲ್ಲರೆ ಮೀಟರಿನಲ್ಲಿ ಅರ್ಧ ಒಂದು ಅಟ್ಟಿಗೆ, ಅರ್ಧ ಇನ್ನೊಂದಕ್ಕೆ. ಅಂದರೆ ಒಂದು ಸುತ್ತಿಗೆ ಒಂದೊಂದು ಅಟ್ಟಿಯ ಪ್ಲೇಟುಗಳು ಎರಡು ಸುತ್ತಿಗಿಂತ ಚೂರು ಹೆಚ್ಚು ಉಜ್ಜಿಕೊಳ್ಳುತ್ತವೆ. ಎಡಕ್ಕೆ ತಿರುಗಿದಾಗ ಒಂದು ದಿಕ್ಕು, ಬಲಕ್ಕೆ ತಿರುಗಿದಾಗ ವಿರುದ್ಧ ದಿಕ್ಕು. ಎಂಟು ಯಾಕೆ, ಸೊನ್ನೆ ಯಾಕಲ್ಲ ಎಂಬುದಕ್ಕೆ ಉತ್ತರ ಇದೇ.

ನನ್ನ ಕೆಲಸ ಹಿಂದಿನ ಸೀಟಿನಲ್ಲಿ ಕೂತು ಕೇಳುವುದು. ಕಿಟಕಿಗಳನ್ನೆಲ್ಲ ಇಳಿಸಿ, ರೇಡಿಯೋ ಇಲ್ಲದೆ, ಮೈಯೆಲ್ಲ ಕಿವಿಯಾಗಿ ಕೂತೆ. ಮೊದಲ ಎಡಸುತ್ತಿನಲ್ಲಿ ಸೀಟಿನ ಅಡಿಯಿಂದ ಒಂದು ಕಟಕಟ ಶುರುವಾಯಿತು. ಸದ್ದು ಅನ್ನುವುದಕ್ಕಿಂತ ಬೆನ್ನುಮೂಳೆಗೆ ತಾಕುವ ಅದುರು. ಸ್ಟೀರಿಂಗ್ ನೇರವಾದಾಗ ಮಾಯ, ಬಲಕ್ಕೆ ಹೊರಳಿದಾಗ ಮತ್ತೆ ಹಾಜರು. ಷೆವೆಲ್ಲಿನ ಸ್ಟೀರಿಂಗ್ ಚಕ್ರ ಸಣ್ಣ ಹೋಟೆಲಿನ ದೋಸೆಯಷ್ಟಲ್ಲ, ಮಸಾಲೆ ದೋಸೆ ಹೆಂಚಿನಷ್ಟು ಅಗಲ, ಭಾವ ಕೈ ಮೇಲೆ ಕೈ ಹಾಕಿ ತಿರುಗಿಸುತ್ತಾ "ಎಡಕ್ಕೆ ಜಾಸ್ತಿಯೋ ಬಲಕ್ಕೋ? ಸರಿಯಾಗಿ ಕೇಳಿಸ್ಕೊಳ್ಳಿ" ಎನ್ನುತ್ತಿದ್ದರು. ಎಂಟುಗಳು ಸಾಗಿದಂತೆ ಕಟಕಟ ಮೆತ್ತಗಾಯಿತು. ಪೂರ್ತಿ ಹೋಗುವ ಮೊದಲೇ ಭಾವ ನಿಲ್ಲಿಸಿಬಿಟ್ಟರು. ಪ್ಲೇಟುಗಳು ಬಿಸಿಯಾಗಿವೆ, ತಣ್ಣಗಾಗಲಿ ಎಂದು. ಬಗ್ಗಿ ಮುಚ್ಚಳದ ಹತ್ತಿರ ಕೈ ಒಯ್ದರೆ ದೋಸೆಕಲ್ಲಿನ ಕಾವೇನೂ ಇರಲಿಲ್ಲ, ಆದರೆ ಬೆರಳಿಟ್ಟು ಹೆಚ್ಚು ಹೊತ್ತು ಇರುವಂತಿರಲಿಲ್ಲ. ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡೆವು.

ಅಷ್ಟರಲ್ಲಿ ಒಂದು ಪಿಕಪ್ ಬಂದು ನಿಂತಿತು. ಇಳಿದವರು ಎಪ್ಪತ್ತು ದಾಟಿದ ಹಿರಿಯರು, ಕಾರಿನ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರಂತೆ. ನಾವೇನು ಮಾಡುತ್ತಿದ್ದೇವೆಂದು ಕೇಳಲಿಲ್ಲ, ದೂರದಿಂದಲೇ ಅವರಿಗೆ ಅರ್ಥವಾಗಿತ್ತು. ಒಂದು ಬಾಟಲಿ ಹಾಕಿದ್ದು ಸಾಲದು, ಎರಡು ಹಾಕಿ ಎಂದರು. ಅವರಿಗೆ ತಿಳಿದ ಇನ್ನೊಬ್ಬರು ಮೂರು ಹಾಕುತ್ತಾರಂತೆ. ಭಾವನ ಪುಸ್ತಕ ಒಂದೇ ಎನ್ನುತ್ತದೆ. ಪ್ಲೇಟು ಮಾರಿದ ಅಂಗಡಿಯವರು ಹತ್ತು ಎಂಟು ಸಾಕು ಎಂದಿದ್ದರೆ ಇನ್ನೊಬ್ಬರು ಅರ್ಧ ಗಂಟೆ ಸುತ್ತಿ ಎಂದಿದ್ದರು. ಹಳೆ ಕಾರಿನವರ ನಡುವೆ ಈ ವಿಷಯದಲ್ಲಿ ಇರುವಷ್ಟು ಮಡಿ ಮೈಲಿಗೆ ನಮ್ಮ ಅಜ್ಜಿಯ ಅಡುಗೆಮನೆಯಲ್ಲೂ ಇರಲಿಲ್ಲ.

ನನಗೆ ಕಂಡಂತೆ ಸತ್ಯ ಅಷ್ಟು ಕ್ಲಿಷ್ಟವಾಗಿಲ್ಲ. ಮಾಡಿಫೈಯರ್ ಔಷಧಿಯಿದ್ದ ಹಾಗೆ, ಸುರಿದಷ್ಟೂ ಒಳ್ಳೆಯದೆಂಬುದು ಸುಳ್ಳು. ಹೆಚ್ಚಾದರೆ ಕಟಕಟ ಪೂರ್ತಿ ಹೋಗುತ್ತದೆ, ಜತೆಗೆ ಹಿಡಿತವೂ ಹೋಗುತ್ತದೆ. ಇಷ್ಟೆಲ್ಲ ಖರ್ಚು ಮಾಡಿ ಕೊನೆಗೆ ಕೆಸರಲ್ಲಿ ಕೂತ ಲಾರಿಯ ಡಿಫರೆನ್ಷಿಯಲ್ಲೇ ಆಗಿಬಿಡುತ್ತದೆ. ಸದ್ದು ಅಡಗುವಷ್ಟೇ ಹಾಕಬೇಕು, ಅದಕ್ಕಿಂತ ಮೊದಲು ಎಂಟು ಹಾಕಿ ನೋಡಬೇಕು. ಎಷ್ಟು ಎಂಟು ಎಂಬುದನ್ನು ಕಿವಿ ಹೇಳುತ್ತದೆ. ಎಣಿಸುವವರು ಎಣಿಸಲಿ. ನಿಧಾನವಾಗಿ ಹಾಕಿ, ನಡುನಡುವೆ ತಣಿಯಲು ಬಿಡಿ ಎಂಬೆರಡು ಮಾತಿಗೆ ಮಾತ್ರ ಕಾರಣವಿದೆ, ಬಿಸಿಯಾದರೆ ಹೊಸ ಪ್ಲೇಟಿನ ಮೈ ಸುಟ್ಟು ಗಾಜಾಗುತ್ತದೆ. ಹೊಸ ಕ್ರೌನು ಪಿನಿಯನ್ನಿಗೂ ಇದೇ ಪಥ್ಯ: ಮೊದಲ ಸಲ ಹದಿನೈದಿಪ್ಪತ್ತು ಮೈಲಿ ಹಗುರವಾಗಿ ಓಡಿಸಿ ಪೂರ್ತಿ ಆರಲು ಬಿಡಬೇಕು, 500 ಮೈಲಿಯ ತನಕ ಟ್ರೈಲರ್ ಎಳೆಯಬಾರದು, ಟೈರು ಸುಡಬಾರದು. ಇನ್ನೊಂದು ನಿಯಮಕ್ಕೆ ವಿನಾಯಿತಿಯೇ ಇಲ್ಲ. ಒಂದೇ ಹಿಂದಿನ ಚಕ್ರಕ್ಕೆ ಜಾಕ್ ಕೊಟ್ಟು ಎಂಜಿನ್ ಚಾಲೂ ಮಾಡಿ ಗೇರ್ ಹಾಕಕೂಡದು. ಮಾಮೂಲಿ ಕಾರಿನಲ್ಲಿ ಎತ್ತಿದ ಚಕ್ರ ಗಾಳಿಯಲ್ಲಿ ಸುತ್ತಿ ಸುಮ್ಮನಾಗುತ್ತದೆ. ಪಾಸಿ ನೆಲದ ಮೇಲಿನ ಚಕ್ರಕ್ಕೂ ಬಲ ಕೊಟ್ಟು ಕಾರನ್ನು ಜಾಕಿನಿಂದ ಹಾರಿಸುತ್ತದೆ. ಕಂಪನಿಯ ಕೈಪಿಡಿಗಳಲ್ಲೇ ಇದರ ಎಚ್ಚರಿಕೆ ಇದೆ. ಆ ಹಿರಿಯರೂ ಇದೊಂದನ್ನು ಒಪ್ಪಿದರು.

ನಮ್ಮಲ್ಲೂ ಹಿಂದೆ ಹೊಸ ಅಂಬಾಸಡರ್, ಫಿಯೆಟ್ ತಂದವರು ಹಿಂದಿನ ಗಾಜಿಗೆ 'ರನ್ನಿಂಗ್ ಇನ್' ಎಂದು ಚೀಟಿ ಅಂಟಿಸಿಕೊಂಡು ತೆವಳುತ್ತಿದ್ದರು. ಅದು ಎಂಜಿನ್ನಿಗಾಗಿ. ಆದರೆ ಕಾರು ಹೊಸದೆಂದು ಊರಿಗೆ ಸಾರಲೂ ಅದು ಸಾಕಾಗುತ್ತಿತ್ತು. ಸಾವಿರ ಮೈಲಿ ಕಳೆದು ಎಷ್ಟೋ ಕಾಲವಾದ ಮೇಲೂ ಆ ಚೀಟಿ ಕಿತ್ತವರನ್ನು ನಾನು ಕಂಡಿಲ್ಲ.

500 ಮೈಲಿ ಮುಗಿಸಲು ಭಾವನಿಗೆ ಜುಲೈ ಕಳೆಯಿತು. ಅಷ್ಟಾದ ಮೇಲೆ ಎಣ್ಣೆ ಬದಲಿಸಬೇಕು. ಈ ಆಕ್ಸಲ್ಲಿಗೆ ಎಣ್ಣೆ ಇಳಿಸುವ ಬಿರಡೆಯೇ ಇಲ್ಲ, ಮಾಡಿದವರು ಮರೆತರೋ ಕಾಸು ಉಳಿಸಿದರೋ. ಹಿಂದಿನ ಮುಚ್ಚಳವನ್ನೇ ತೆಗೆಯಬೇಕು. ಹನ್ನೆರಡು ಬೋಲ್ಟಿನಲ್ಲಿ ಕೆಳಗಿನವನ್ನು ಮೊದಲು ಸಡಿಲಿಸಿ, ಸ್ಕ್ರೂಡ್ರೈವರಿನಲ್ಲಿ ಮೀಟಿದಾಗ ಬೂದು ಬಣ್ಣದ ಎಣ್ಣೆ ಬಾಂಡಲಿಗೆ ಹರಿಯಿತು, ಲೋಹದ ಪುಡಿ ಬಿಸಿಲಿಗೆ ಮೀನಿನ ಪೊರೆಯ ಹಾಗೆ ಮಿನುಗಿತು. ತಳದಲ್ಲಿ ಭಾವ ಇರಿಸಿದ್ದ ಅಯಸ್ಕಾಂತಕ್ಕೆ ನುಣ್ಣನೆಯ ಕಪ್ಪು ಪೇಸ್ಟು ಮೆತ್ತಿಕೊಂಡಿತ್ತು. ಭಾವ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದರು. ಪೇಸ್ಟಾದರೆ ಚಿಂತೆಯಿಲ್ಲ, ಅದು ಪ್ಲೇಟು ಹಲ್ಲುಗಳ ಏರುತಗ್ಗು ಸವೆದ ಪುಡಿ. ಚೂರು ಸಿಕ್ಕರೆ ಕೇಡು. ಚೂರಿರಲಿಲ್ಲ. ಹಲ್ಲುಗಳ ನಡುವೆ ಹೊಳಪಿನ ಪಟ್ಟೆ, ಹಳದಿ ಮುಲಾಮಿನ ಗುರುತು ಬಿದ್ದಿದ್ದಲ್ಲೇ. ಮೊದಲು ಬಾಟಲಿ, ಮುಕ್ಕಾಲು ಮಾತ್ರ, ಆಮೇಲೆ ಹೊಸ ಎಣ್ಣೆಯನ್ನು ತುಂಬುವ ತೂತಿನ ಅಂಚಿನಿಂದ ಜಿನುಗುವ ತನಕ ಹಾಕಿದರು.

ಆಗಸ್ಟಿನ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್. ವುಡ್‌ವರ್ಡ್ ಅವೆನ್ಯೂ ಸಾಮಾನ್ಯ ರಸ್ತೆಯಲ್ಲ, ಅಮೆರಿಕದಲ್ಲಿ ಮೊದಲ ಒಂದು ಮೈಲಿ ಕಾಂಕ್ರೀಟ್ ಹೆದ್ದಾರಿ 1909ರಲ್ಲಿ ಬಿದ್ದದ್ದು ಅದರ ಮೇಲೆ. ಅರವತ್ತರ ದಶಕದಲ್ಲಿ ಕಾರು ಕಂಪನಿಯ ಎಂಜಿನಿಯರುಗಳೇ ರಾತ್ರಿ ಹೊತ್ತು ಅಲ್ಲಿ ಕದ್ದುಮುಚ್ಚಿ ಪಂದ್ಯ ಕಟ್ಟುತ್ತಿದ್ದರೆಂದು ಅಲ್ಲಿನವರು ಹೇಳುತ್ತಾರೆ. ಫರ್ನ್‌ಡೇಲ್ ಊರಿನ ಮಕ್ಕಳ ಸಾಕರ್ ಮೈದಾನಕ್ಕೆ ಹಣ ಕೂಡಿಸಲೆಂದು 1995ರಲ್ಲಿ ಶುರುವಾದ ಕ್ರೂಸ್‌ಗೆ ಈಗ ಸಾವಿರಾರು ಹಳೆ ಕಾರುಗಳು, ಲಕ್ಷಾಂತರ ಜನ. ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ದಿನವಿಡೀ ಕೂತಿರುತ್ತಾರೆ.

ನಾವೂ ಹೋದೆವು. ಮುಂದಿನ ಸೀಟಿನಲ್ಲಿ ಅತ್ತಿಗೆ, ಮಡಿಲಲ್ಲಿ ಪುಳಿಯೋಗರೆ ಡಬ್ಬಿ. ಮುಂದೆ ಮಸ್ಟಾಂಗ್, ಹಿಂದೆ ಕ್ಯಾಡಿಲಾಕ್, ಪಕ್ಕದಲ್ಲಿ ಮರದ ಮೈಯ ಯಾವುದೋ ಫೋರ್ಡ್. ಓಟ ಎಂದರೆ ನಡಿಗೆಯ ವೇಗ. ವುಡ್‌ವರ್ಡ್ ಅಳತೆಗೋಲಿನಷ್ಟು ನೇರ, ತಿರುವು ಎಂಬುದಿಲ್ಲ, ಎರಡು ಚಕ್ರವೂ ಸಮಸಮವಾಗಿ ಉರುಳುತ್ತಿವೆ, ಪಾಸಿಗೆ ಒಂದು ಕೆಲಸವೂ ಇಲ್ಲ. "ಅದೇನೋ ಇದೆಯಲ್ಲ, ಚಳಿಗಾಲ ಪೂರ್ತಿ ಮಾಡಿದ್ರಲ್ಲ, ಅದು ಈಗ ಏನ್ ಮಾಡ್ತಾ ಇದೆ?" ಎಂದು ಅತ್ತಿಗೆ ಕೇಳಿದರು. "ರೆಸ್ಟ್ ತಗೋತಾ ಇದೆ" ಎಂದರು ಭಾವ.

ಕೊನೆಗೆ ಹಿಂತಿರುಗಲು ಮಿಶಿಗನ್ನಿನ ಪದ್ಧತಿಯಂತೆ ನಡುವಿನ ಹುಲ್ಲಿನ ಪಟ್ಟೆಯನ್ನು ಸುತ್ತಿ ಎಡಕ್ಕೆ ಪೂರ್ತಿ ಹೊರಳುವ ಜಾಗ ಬಂತು. ಭಾವ ರೇಡಿಯೋ ಆರಿಸಿದರು, ನಾನು ಹಿಂದೆ ಕಿವಿಯಾನಿಸಿದೆ. ಕಾರು ತಿರುಗಿತು. ಸದ್ದಿಲ್ಲ. ಭಾವ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸುತ್ತಿದ್ದಂತೆ ಬಾನೆಟ್ಟಿನ ಸಂದಿಯಿಂದ ಹಬೆ ಏಳತೊಡಗಿತು. ಬೆಳಗಿನಿಂದ ತೆವಳಿ ತೆವಳಿ ಎಂಜಿನ್ ಕುದಿದಿತ್ತು. ಅತ್ತಿಗೆ ಡಬ್ಬಿಯ ಮುಚ್ಚಳ ತೆಗೆದು, ಇಲ್ಲೇ ಊಟ ಮಾಡಿಬಿಡೋಣ ಎಂದರು. ಈಗ ಭಾವ ರೇಡಿಯೇಟರ್ ಬಿಚ್ಚಿದ್ದಾರೆ.